ಜೋಳದ ಹೊಲದಲ್ಲಿ ನನ್ನ ಹೆಸರು

ಚಕ್ಕಡಿಯ ಗಾಲಿ ಕಳಚಬಹುದಿತ್ತು. ಬಲಗಡೆಯ ಎತ್ತು ನಡುದಾರಿಯಲ್ಲಿ ಮಲಗಿಬಿಡಬಹುದಿತ್ತು. ಬುತ್ತಿಯ ಜೊತೆಗಿದ್ದ ಮೊಸರಿನ ಗಡಿಗೆ ಒಡೆದು, ಅತ್ತೆಯವರು ತಮ್ಮ ಮಗ್ಗದಲ್ಲೇ ನೇಯ್ದು ಕೊಟ್ಟ ಹೊಸ ಸೀರೆಗಳ ಮೇಲೆ ಹರಿಯಬಹುದಿತ್ತು. ಪುಷ್ಯಮಾಸದ ನಿರ್ಮಲ ಆಕಾಶದ ಕೆಳಗೂ ಬೆಣ್ಣೆಹಳ್ಳಕ್ಕೆ ಮಹಾಪೂರ ಬರಬಹುದಿತ್ತು. ಕಳ್ಳರು, ತೋಳಗಳು, ಇಲ್ಲವೆ ಕಳ್ಳರನ್ನು ಅಟ್ಟಿಸಿಕೊಂಡು ಬಂದ ತೋಳಗಳು ಎದುರಾಗಬಹುದಿತ್ತು. ಇವೆಲ್ಲವನ್ನು ದಾಟಿ ಹೋದರೂ ನರಗುಂದದ ಗುಡ್ಡ ನಾನು ಬಿಟ್ಟು ಬಂದ ಜಾಗದಲ್ಲಿಯೇ ಇರುತ್ತದೆಂಬುದಕ್ಕೆ ಯಾರು ಹೊಣೆ? ನಗಬೇಡಿ, ಮಿತ್ರರೇ. ಚಿಂತೆ ನನಗೆ ಹುಟ್ಟಿನೊಡನೆ ಬಂದ ಕಸುಬು. ಐವತ್ತು ದಾಟಿದ ಮೇಲೆ ಅದರಲ್ಲಿ ಪಳಗಿದ್ದೇನೆ ನಿಜ, ಆದರೆ ಇಪ್ಪತ್ತರ ಹರೆಯದಲ್ಲಿಯೂ ನಾನೇನು ಎಳಸಾಗಿರಲಿಲ್ಲ.

ನಾನಾಗ ನರಗುಂದದಲ್ಲಿ ಸಾಲೆಯ ಮಾಸ್ತರ. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿಯನ್ನು ಮದುವೆಯಾಗಿ, ಮೊದಲ ಸಲ ಮನೆಗೆ ಕರೆದುಕೊಂಡು ಬರುತ್ತಿದ್ದೆ. ರೋಣದಲ್ಲಿ ಒಂದು ರಾತ್ರಿ ತಂಗಿ, ಎರಡು ಹಗಲು ಚಕ್ಕಡಿಯ ದಾರಿ. ಮೋಟಾರು ಇರಲಿಲ್ಲವೆಂದಲ್ಲ, ಅದರ ಬ್ರೇಕಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಚಕ್ಕಡಿ ಹೊಡೆಯುತ್ತಿದ್ದವನು ಹೆಂಡತಿಯ ಸೋದರಮಾವ ವೀರಪ್ಪ. ಹೊರಡುವಾಗ ಅತ್ತೆ ನನ್ನೆದುರಿಗೇ ತಮ್ಮನಿಗೆ ಹೇಳಿಬಿಟ್ಟಿದ್ದರು: ‘ಪಾರಿ ನಿನ್ನೆಯಿಂದ ಬಾಯಿ ಬಿಟ್ಟಿಲ್ಲ. ನರಗುಂದ ಮುಟ್ಟೂತನಕ ಹಿಂಗ ಮೂಕಿಯಾಗಿ ಕುಂತಳಂದ್ರ ಇದ ಚಕ್ಕಡ್ಯಾಗ ಹೊಳ್ಳಿ ಕರ್ಕೊಂಡ ಬಾ. ಯುಗಾದಿ ಆದಮ್ಯಾಲ ನೋಡೂಣು.’

ಗಾಲಿ, ಎತ್ತು, ತೋಳಗಳ ಚಿಂತೆಯೆಲ್ಲ ಆ ಕ್ಷಣಕ್ಕೆ ಹಿಂದೆ ಸರಿದು, ಈ ಒಂದೇ ಚಿಂತೆ ಬಂಡಿಯೇರಿ ಕೂತಿತು. ಆಕೆ ಸೀರೆಯ ಗಂಟುಗಳಿಗೆ ಒರಗಿ ಬಿಟ್ಟು ಬಂದ ಊರಿನ ಕಡೆಗೆ ಮುಖ ಮಾಡಿದ್ದಳು. ಬಿಸಿಲು ಹೆಚ್ಚಾಯಿತೆಂದೆ, ಉತ್ತರವಿಲ್ಲ. ನೆರಳು ಬಂತೆಂದೆ, ಬಂದಿರಲಿಲ್ಲವಾದ್ದರಿಂದ ಅದಕ್ಕೂ ಉತ್ತರವಿಲ್ಲ. ವೀರಪ್ಪನಿಗೆ ಇದೊಂದು ಚೇಷ್ಟೆಯ ವಸ್ತು. ‘ಸಾಲ್ಯಾಗ ಅಷ್ಟ್ ಹುಡುಗರನ್ನ ಸುಮ್ಮನ ಕುಂಡ್ರಸ್ತೀರಿ, ಮಾಸ್ತರ. ಒಂದ್ ಹುಡುಗೀನ್ನ ಮಾತಾಡ್ಸಾಕ ಬರೂದಿಲ್ಲೇನ್ರಿ?’

ಆ ಎರೆಯ ಬಯಲನ್ನು ನೀವು ಆಗ ನೋಡಬೇಕಿತ್ತು. ಮೈಲಿಗಟ್ಟಲೆ ಒಂದು ಮನೆಯಿಲ್ಲ, ಮರವೆಂದರೆ ಎಲ್ಲೋ ಒಂದು ಜಾಲಿ. ಕಪ್ಪು ನೆಲ ಹೋಗಿ ಹೋಗಿ ಆಕಾಶಕ್ಕೆ ತಾಗಿ ನಿಂತಲ್ಲಿಯೇ ಲೋಕ ಮುಗಿಯಿತೇನೋ ಎನ್ನಿಸುವ ಹಾಗೆ. ಈಗ ದಾರಿಗೆ ಡಾಂಬರು ಬಿದ್ದಿದೆ, ಕಾಲುವೆಯ ನೀರು ಬಂದು ಜೋಳ ಹಿಂದೆ ಸರಿದಿದೆ, ಬಸ್ಸಿನಲ್ಲಿ ಒಂದು ತೂಕಡಿಕೆ ಮುಗಿಯುವುದರೊಳಗೆ ಊರು ಬರುತ್ತದೆ. ಆ ನಿರ್ಜನವೆಲ್ಲ ಎಲ್ಲಿ ಹೋಯಿತೋ! ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟರೆ ಬೇರೆ ನೋಡುವುದೇ ಇಲ್ಲದಂಥ ದಾರಿಗಳು ಹೊಸ ದಂಪತಿಗಳಿಗೆ ಈಗ ಸಿಗುವುದಿಲ್ಲ.

ಎರಡನೆಯ ದಿನ ಯಾವಗಲ್ ಊರಿನ ಹತ್ತಿರ ವೀರಪ್ಪ ಎತ್ತುಗಳನ್ನು ಬಿಚ್ಚಿ, ನೀರು ಕುಡಿಸಲು ಹಳ್ಳಕ್ಕೆ ಇಳಿಸಿದ. ನನಗೆ ಕಾಲ್ಮಡಿಯುವ ಅವಸರ. ಹೆಂಡತಿಯ ಕಣ್ಣಿಗೆ ಬೀಳಬಾರದಲ್ಲ ಎಂದು ಆಳೆತ್ತರದ ಜೋಳದೊಳಗೆ ಹೊಕ್ಕೆ. ಇನ್ನೂ ಕಾಣಿಸೀತೆಂದು ಇನ್ನಷ್ಟು ಒಳಗೆ. ಸಾಲಿನ ಸಂದಿಯಲ್ಲಿ ಕಂಡರೇನು ಗತಿ ಎಂದು ಸಾಲುಗಳನ್ನು ಅಡ್ಡ ದಾಟಿ ಮತ್ತೂ ಒಳಗೆ. ಹಿಂದಿರುಗಲು ನೋಡಿದರೆ ನಾಲ್ಕೂ ದಿಕ್ಕಿಗೆ ಜೋಳ, ಮೇಲೊಂದು ತುಂಡು ಆಕಾಶ. ಕೂಗೋಣವೆಂದರೆ ಮಾಸ್ತರನಾದವನು ಏನೆಂದು ಕೂಗುವುದು? ಸುಮ್ಮನೆ ಅತ್ತಿತ್ತ ನುಗ್ಗುತ್ತ ದಂಟು ಮುರಿಯತೊಡಗಿದೆ.

ಬಹಳ ಹೊತ್ತಿನ ಮೇಲೆ ದೂರದಲ್ಲಿ ಹೆಂಗಸಿನ ದನಿಯೊಂದು ಅಳುಕುತ್ತ ಕೇಳಿಸಿತು. ‘ರೀ…’

‘ಏನ್ಬೇ ಯವ್ವಾ?’ ಎಂದು ಎಡಗಡೆ ಎತ್ತರದಿಂದ ಒಬ್ಬ ಓಗೊಟ್ಟ. ‘ನನ್ನ ಕರದ್ಯೇನವಾ?’ ಎಂದು ಬಲಗಡೆಯಿಂದ ಇನ್ನೊಬ್ಬ. ಯಾರೂ ಇಲ್ಲವೆಂದು ನಾನು ತಿಳಿದಿದ್ದ ಬಯಲಿನಲ್ಲಿ, ಹಕ್ಕಿ ಕಾಯುವ ಅಟ್ಟಗಳ ಮೇಲೆ ಕವಣೆ ಹಿಡಿದ ಗಂಡಸರು ಕೂತಿದ್ದರು.

‘ನಿಮ್ಮನ್ನಲ್ಲರೀ… ನಮ್ಮ ಮನಿಯವ್ರು. ಜ್ವಾಳದಾಗ ಹೋದಾವ್ರು ಬರಲೇ ಇಲ್ಲ.’

‘ಅಲ್ಲೆ ಒಂದ್ ಕಡಿ ಜ್ವಾಳ ಅಳ್ಳಾಡಾಕತ್ತೈತಿ,’ ಎಂದ ಎಡಗಡೆಯವನು. ‘ಅದು ನಿನ್ನ ಗಂಡನೋ, ಹಂದ್ಯೋ? ಹೆಸರು ಹಿಡದು ಒದರು. ಓ ಅಂದ್ರ ಗಂಡ. ಅನಲಿಲ್ಲಂದ್ರ ಕವಣಿ ಬೀಸ್ತೀನಿ.’

ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದೆಂಬ ಕಾಲ. ನಾನು ನುಗ್ಗುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಆಮೇಲೆ ಬಂತು:

‘ಚನ್ನಬಸಪ್ಪಾ…!’

ಹಗಲೆಲ್ಲ ಮಗ್ಗಗಳ ಸದ್ದಿನ ಮೇಲೆ ಮಾತಾಡಿ ಬೆಳೆದ ಕೊರಳು ಅದು. ಬಯಲಿನ ಆಚೆಯ ಅಂಚಿನ ತನಕ ಹೋಗಿ ಬಂದಿರಬೇಕು. ಹಾಜರಿ ಕೂಗುವ ಹೆಡ್ ಮಾಸ್ತರರಿಂದ ಹಿಡಿದು ಎಷ್ಟೋ ಜನ ಕರೆದ ಆ ಸಾದಾ ಹೆಸರು, ‘ಅವರು’, ‘ರೀ’ ಯಾವುದೂ ಅಂಟದೆ, ತಪ್ಪಿಸಿಕೊಂಡ ಕರುವನ್ನು ಕರೆಯುವ ಹಾಗೆ ನನ್ನ ಕಡೆಗೆ ಬಂತು. ಚಕ್ಕಡಿ ಯಾವ ದಿಕ್ಕಿಗಿದೆ ಎಂದು ತಿಳಿಯಿತು. ಓ ಎನ್ನಬೇಕು, ಇಲ್ಲವಾದರೆ ಕಲ್ಲು ಬರುತ್ತದೆ ಎಂದೂ ತಿಳಿದಿತ್ತು. ಆದರೂ, ನಂಬಿದರೆ ನಂಬಿ, ನಾನು ಬಾಯಿ ಮುಚ್ಚಿಕೊಂಡು ನಿಂತೆ. ಇನ್ನೊಂದು ಸಲ ಕೇಳಬೇಕೆನಿಸಿತು. ಬದುಕಿನಲ್ಲಿ ನಾನು ತಿಳಿದೂ ತಿಳಿದೂ ಮೈಮೇಲೆ ಎಳೆದುಕೊಂಡ ಅಪಾಯ ಅದೊಂದೇ.

‘ಏ ಚನ್ನಬಸಪ್ಪಾ!’ ಈ ಸಲ ಅದರಲ್ಲಿ ಅಳುವೂ ಇತ್ತು, ಸಿಟ್ಟೂ ಇತ್ತು.

‘ಓ!’ ಎಂದು ಓಡಿದೆ. ತಲೆಯ ತುಂಬ ಜೋಳದ ಹೂವಿನ ಹುಡಿ ಹೊತ್ತು ಹೊರಬಿದ್ದರೆ, ಹೆಂಡತಿ ಚಕ್ಕಡಿಯ ಮುಂದಿನ ಮೂಕಿಮರ ಹಿಡಿದು ನಿಂತಿದ್ದಾಳೆ, ಮುಖ ಕೆಂಪಾಗಿದೆ. ಹಳ್ಳದ ದಂಡೆಯಿಂದ ಎತ್ತುಗಳ ಸಮೇತ ಮೇಲೆ ಬಂದ ವೀರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ. ‘ಅಷ್ಟ್ ಒಳಗ ಯಾಕ ಹೋಗಬೇಕಾಗಿತ್ರಿ?’ ಎಂದು ಆಕೆ ನನ್ನನ್ನು ಕೇಳಿದಳು. ನಾನು ನಿಜವಾದ ಕಾರಣ ಹೇಳಿದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಯಾವಗಲ್ ದಾಟಿದರೂ ನಗುತ್ತಲೇ ಇದ್ದಳು.

ಹೀಗೆ ಕೆಡಬಹುದಾಗಿದ್ದ ಅಷ್ಟೆಲ್ಲದರಲ್ಲಿ ಕೆಟ್ಟಿದ್ದು, ಜೋಳದಲ್ಲಿ ನಾನು ದಾರಿ ತಪ್ಪಿದ್ದೊಂದೇ. ಸಂಜೆಗೆ ಗುಡ್ಡ ಕಂಡಿತು. ನರಗುಂದದ ಮನೆಯೆದುರು ಗಂಟುಗಳನ್ನು ಇಳಿಸಿ, ಮರುದಿನ ನಸುಕಿಗೆ ಖಾಲಿ ಚಕ್ಕಡಿಯನ್ನು ತಿರುಗಿಸುತ್ತ ವೀರಪ್ಪ ಕೇಳಿದ: ‘ಪಾರೀ, ನಿಮ್ಮವ್ವಗ ಏನಂತ ಹೇಳ್ಲಿ?’

‘ಬಾಯಿ ಬಿಟ್ಟಾಳ ಅಂತ ಹೇಳು, ಮಾವಾ,’ ಎಂದಳು ಹೊಸ್ತಿಲೊಳಗಿನಿಂದ. ‘ಏನಂತ ಬಿಟ್ಟಳು ಅನ್ನೂದು ಹೇಳಬ್ಯಾಡ.’