ಎರಡು ಫೋನಿನ ಅಕ್ಕ

ಎದುರುಬದುರಿನ ಎರಡು ಆಸ್ಪತ್ರೆಗಳನ್ನೂ ಒಬ್ಬನೇ ಧಣಿ ಕೊಂಡಾಗ, ಎರಡರ ಫೋನುಗಳೂ ಈ ಕಡೆಯ ಆಸ್ಪತ್ರೆಯಲ್ಲಿ ಫೋನ್ ಎತ್ತುತ್ತಿದ್ದ ಫೋನಕ್ಕನ ಮೇಜಿಗೇ ಬಂದವು. ವರ್ಷಗಟ್ಟಲೆ ಎದುರಿನವರ ಮೇಲೆ ಹಲ್ಲು ಮಸೆದ ಹೆಂಗಸು, ಚಾಳಿ ಬಿಡಬೇಕಲ್ಲ! "ಎದುರಿನಲ್ಲಿ ಕಡಿಮೆಯಂತೆ" ಎಂದು ಫೋನ್ ಮಾಡಿದವರು ಯಾರಾದರೂ ಅಂದರೆ ಸಾಕು, ಸ್ಕ್ಯಾನಿಂಗ್ ದರ ಇಳಿಸಿಬಿಡುತ್ತಿದ್ದಳು. ಅವರೇ ಇನ್ನೊಂದು ಫೋನಿಗೆ ಮಾಡಿದರೆ, ದನಿ ಬದಲಿಸಿ ಅಲ್ಲೂ ಇಳಿಸುತ್ತಿದ್ದಳು.

ಆಸ್ಪತ್ರೆಗಳು ಒಂದಾದ ಮೇಲೆ ದರ ಏರಿತೇ ಎಂದು ನೋಡಲು ಸರ್ಕಾರದ ಅಧಿಕಾರಿ ರೋಗಿಯ ಸೋಗಿನಲ್ಲಿ ಎರಡೂ ಕಡೆ ಫೋನ್ ಮಾಡಿದ. "ಪೈಪೋಟಿ ಬಲು ಜೋರಾಗಿದೆ" ಎಂದು ವರದಿ ಕೊಟ್ಟ.

ವರದಿ ಓದಿದ ಧಣಿ ಕೆಂಡಾಮಂಡಲವಾದ. "ದರ ಯಾಕಮ್ಮಾ ಇಳಿಸ್ದೆ?"

"ಆ ಕಡೆಯವಳು ಇಳಿಸಿದ್ರೆ ನಾನು ಕೈಕಟ್ಕೊಂಡು ಕೂರ್ಲಾ?"

"ಆ ಕಡೆಯವಳೂ ನೀನೇ ಅಲ್ವೇನಮ್ಮಾ!"

"ಅದಕ್ಕೇ ಹೇಳ್ತಿರೋದು ಸಾರ್, ಅವಳು ಸುಲಭಕ್ಕೆ ಬಗ್ಗೋಳಲ್ಲ."