ರಮಾಮಣಿಯ ಎದೆಗುಳಿ ಮತ್ತು ಎರಡು ರಾಗಿ ಚೀಲ

ರಮಾಮಣಿಯನ್ನು ನಾನು ಮೊದಲು ನೋಡಿದ್ದು ಮೇಚೇರಿ ಸಂತೆಯ ದಿನ, ತೊಂಬತ್ತಾರನೇ ಇಸವಿ ಸಂಕ್ರಾಂತಿಯ ತೈ ತಿಂಗಳಲ್ಲಿ. ಕುರಿ ಆಸ್ಪತ್ರೆಗೆ ಹೊಸದಾಗಿ ಬಂದ ಕಾಂಪೌಂಡರಮ್ಮ. ಇಪ್ಪತ್ತೇಳು ವರ್ಷ, ಇನ್ನೂ ಮದುವೆಯಿಲ್ಲ, ಊರು ಕಾರಿಮಂಗಲಂ. ಕೈಯಲ್ಲಿ ಕುರಿಯ ವಾಸನೆ, ಕಂಕುಳಲ್ಲಿ ರವಿಕೆ ಬಟ್ಟೆ. ನನ್ನ ಹೊಲಿಗೆ ಮಿಷನ್ನಿನ ಮುಂದೆ ಬಂದು ನಿಂತಳು.

"ಅವ್ವಾ, ಕೊರಳ ತಂಕ ಮುಚ್ಚೋ ಅಂಗೆ ಒಲಿದುಕೊಡು. ಇದುವರ್ಗೂ ಯಾರೂ ನಂಗೆ ಸರಿಯಾಗಿ ಒಲೀಲಿಲ್ಲ."

ನಾನು ಅಳೆಯುವುದು ದಾರದಲ್ಲಿ. ಟೇಪಿನ ಅಂಕಿ ಓದುವುದಕ್ಕಿಂತ ಗಂಟು ಮುಟ್ಟಿ ನೋಡುವುದು ನನಗೆ ಸಲೀಸು. ಎದೆಗೆ ಒಂದು ಗಂಟು, ಸೊಂಟಕ್ಕೆ ಎರಡು, ತೋಳಿಗೆ ಮೂರು. ಒಬ್ಬೊಬ್ಬರಿಗೂ ಒಂದೊಂದು ದಾರ. ಆಗ ಗೋಡೆಯ ಮೊಳೆಗಳಲ್ಲಿ ಎಂಬತ್ತಮೂರು ನೇತಾಡುತ್ತಿದ್ದವು. ಸೀರೆಯ ಮೇಲೆಯೇ ಅವಳ ಅಳತೆ ತೆಗೆದುಕೊಂಡೆ.

ಮೂರನೇ ದಿನ ಅವಳು ಹೊಸ ರವಿಕೆ ತೊಟ್ಟು ಬಂದಳು. ಸುತ್ತಲೂ ಸರಿಯಾಗಿ ಕೂತಿತ್ತು, ನಡುವೆ ಮಾತ್ರ ಡೇರೆಯ ಹಾಗೆ ಎದ್ದು ನಿಂತಿತ್ತು. ದಾರ ತೆಗೆದು ಮತ್ತೆ ಹಿಡಿದೆ, ಗಂಟು ತಪ್ಪಿರಲಿಲ್ಲ. ಅವಳು ಬಾಗಿಲು ಹಾಕಿ, ಸೆರಗು ಸರಿಸಿ ತೋರಿಸಿದಳು. ಎದೆಯ ನಡುಮೂಳೆ ಹುಟ್ಟಿನಿಂದಲೇ ಒಳಕ್ಕೆ ಇಳಿದಿತ್ತು. ನನ್ನ ಹಿಡಿ ಕೂರುವಷ್ಟು ಗುಳಿ. ಎಡಗಡೆಯ ಇಳಿಜಾರು ಬಲಗಡೆಗಿಂತ ಹೆಚ್ಚು. ಬಾವಿಯ ಬಾಯಿಗೆ ಅಡ್ಡ ಹಗ್ಗ ಎಳೆದರೆ ಆಳ ತಿಳಿಯುವುದಿಲ್ಲ. ನನ್ನ ದಾರ ಮಾಡಿದ್ದೂ ಅದನ್ನೇ.

ಅವತ್ತು ಮಧ್ಯಾಹ್ನದ ಊಟಕ್ಕೆ ಮುದ್ದೆ ತೊಳಸಿದ್ದೆ. ಆರಿದ ಮುದ್ದೆಯೊಂದನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಆ ಗುಳಿಗೆ ಒತ್ತಿದೆ. ಗುಳಿಯ ಅಚ್ಚು ಅದರ ಮೇಲೆ ಕೂತಿತು. ನಾಲ್ಕು ದಿನ ಬಿಸಿಲಿಗಿಟ್ಟು ಕಲ್ಲಿನ ಹಾಗೆ ಒಣಗಿಸಿದೆ. ಅಂಚನ್ನು ಇಲಿ ಕಡಿಯಿತು, ಇನ್ನೊಂದು ಮಾಡಿದೆ. ಆಮೇಲೆ ಅವಳ ರವಿಕೆಗಳನ್ನೆಲ್ಲ ಅದರ ಮೇಲೆ ಬಟ್ಟೆ ಹಾಸಿ ನೋಡಿಯೇ ಕತ್ತರಿಸಿದೆ. ಒಂದೂ ಕೆಡಲಿಲ್ಲ.

ಅವಳು ಹರಟೆಗೆ ಬರತೊಡಗಿದಳು. ಹಾಸ್ಟೆಲಿನಲ್ಲಿ ಹುಡುಗಿಯರು, ನಿನ್ನ ಎದೆಯಲ್ಲಿ ಒಂದು ಸೇರು ಗಂಜಿ ನಿಲ್ಲುತ್ತದೆ ಎಂದು ಆಡಿಕೊಳ್ಳುತ್ತಿದ್ದರಂತೆ. ಅದನ್ನು ನಗುತ್ತಲೇ ಹೇಳುತ್ತಿದ್ದಳು, ಹೇಳುವಾಗ ಸೆರಗು ಮಾತ್ರ ಎಳೆದುಕೊಳ್ಳುತ್ತಿದ್ದಳು.

ಮರುವರ್ಷ ಶಿವರಾತ್ರಿಯ ಮಾಸಿ ತಿಂಗಳಲ್ಲಿ ಒಂದು ದಿನ ಓಡಿಬಂದಳು. ಸುಟ್ಟ ಮುಖಗಳನ್ನು ಸರಿಮಾಡುವ ಡಾಕ್ಟರಮ್ಮ ಒಬ್ಬರು ಸೇಲಂನಲ್ಲಿದ್ದಾರೆ, ಉಪ್ಪುನೀರು ತುಂಬಿದ ಚೀಲಗಳನ್ನು ಒಳಗಿಟ್ಟು ಎದೆ ತುಂಬಿಸುತ್ತಾರೆ ಎಂದಳು. ಗುಳಿ ಮುಚ್ಚಿಹೋಗುತ್ತದೆ, ಇಳಿಕೊರಳಿನ ರವಿಕೆ ತೊಟ್ಟು ಸಂತೆ ನಡುವೆ ನಡೆಯುತ್ತೇನೆ ಎಂದು ನನ್ನ ಎರಡೂ ಕೈ ಹಿಡಿದು ತಿರುಗಿಸಿದಳು. ನನಗೂ ಹಿಗ್ಗಾಯಿತು. ಈ ವಯಸ್ಸಿನಲ್ಲಿ ಒಂದು ಹೊಸ ಅಳತೆ.

ಮನೆಯವರಿಗೆ ಹೇಳದೆ ನನ್ನನ್ನು ಕರೆದುಕೊಂಡು ಸೇಲಂಗೆ ಹೋದಳು. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು, ಹೃದಯವನ್ನೂ ಉಸಿರನ್ನೂ ಪರೀಕ್ಷಿಸಿದರು, ಎರಡೂ ಚೆನ್ನಾಗಿದ್ದವು. ಆಮೇಲೆ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಚೀಲ ಎದೆಯನ್ನು ತುಂಬುತ್ತದೆ, ಮೂಳೆಯನ್ನು ಎತ್ತುವುದಿಲ್ಲ. ನಡುವಿನ ಗುಳಿ ಇದ್ದಲ್ಲೇ ಇರುತ್ತದೆ. ಇಳಿಜಾರಿನ ಮೇಲೆ ಕೂತ ಚೀಲಗಳು ಒಂದರ ಕಡೆಗೆ ಒಂದು ತುಸು ವಾಲುತ್ತವೆ. ಎಡಕ್ಕೆ ದೊಡ್ಡದು ಇಟ್ಟರೂ ಎರಡೂ ಒಂದೇ ಸಮ ಕಾಣುವುದಿಲ್ಲ. ಚೀಲಗಳು ಸಾಯುವ ತನಕ ಬರುವುದೂ ಇಲ್ಲ, ಮುಂದೆ ಎಂದಾದರೂ ಬದಲಿಸಬೇಕು. ಮೂಳೆ ಎತ್ತುವುದು ಬೇರೆಯೇ ದೊಡ್ಡ ಆಪರೇಷನ್ನು. ಉಸಿರಿಗೆ ತೊಂದರೆ ಇಲ್ಲದವಳಿಗೆ ಅದು ಬೇಡ.

"ಕನ್ನಡಿಯಲ್ಲಿ ಏನು ಕಾಣುತ್ತೆ ಅಂತ ನೀನೇ ಒಂದು ತಿಂಗಳು ಯೋಚಿಸಿ ಬಂದು ನನಗೆ ಹೇಳು. ಗುಳಿ ಹೋಗುತ್ತೆ ಅಂತ ನೀನು ಹೇಳಿದರೆ ನಾನು ಚಾಕು ಮುಟ್ಟೋದಿಲ್ಲ" ಎಂದರು.

ಬಸ್ಸು ಓಮಲೂರು ದಾಟಿದ ಮೇಲೆ ರಮಾಮಣಿ, ಗುಳಿ ಹೋಗುತ್ತೆ ಅಂತ ಅಲ್ಲ, ಹೋಗಲ್ಲ ಅಂತಲೇ ಹೇಳಿಬಿಟ್ಟರಾಯಿತು, ಅವರು ಆಪರೇಷನ್ ಮಾಡುತ್ತಾರೆ ಎಂದಳು. ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಿಯಲ್ಲಿ ಹೇಳಿ ಬಂದರೆ, ಕಟ್ಟು ಬಿಚ್ಚಿದ ದಿನ ಇವಳು ಅಳುತ್ತಾಳೆ. ಆ ಅಳು ನನಗೆ ಬೇಡವಾಗಿತ್ತು.

ಕನ್ನಡಿಯಲ್ಲಿ ಏನು ಕಾಣುತ್ತೆಂದು ಮೊದಲೇ ನೋಡಿಕೊಳ್ಳಲಿ ಎಂದು ಮಾರನೇ ದಿನ ಮೆದು ಬಟ್ಟೆಯಲ್ಲಿ ಎರಡು ಚೀಲ ಹೊಲಿದೆ. ಡಾಕ್ಟರಮ್ಮ ಹೇಳಿದ ಅಳತೆ ಬಲಕ್ಕೆ ಇನ್ನೂರು ಮಿಲಿ, ಎಡಕ್ಕೆ ಇನ್ನೂರ ಮೂವತ್ತು. ಕುರಿಗೆ ಔಷಧಿ ಅಳೆಯುವ ಗೆರೆ ಬಾಟಲಿಯನ್ನು ಅವಳೇ ತೊಳೆದು ತಂದಳು. ಚೀಲಗಳಿಗೆ ರಾಗಿ ತುಂಬಿದೆವು. ಆದರೆ ನಾನು ಒಳಗೆ ನೀರು ಕುಡಿದು ಬರುವಷ್ಟರಲ್ಲಿ ಅವಳು ಎರಡಕ್ಕೂ ಮುನ್ನೂರೈವತ್ತು ಸುರಿದು ಬಾಯಿ ಕಟ್ಟಿದ್ದಳು. ನಾನು ಸುಮ್ಮನೆ ರವಿಕೆಯೊಳಗೆ ಇಟ್ಟುಕೊಟ್ಟೆ. ಅವಳು ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದಳು. ಒಂದೇ ತೊಟ್ಟಿಗೆ ನುಗ್ಗುವ ಮರಿಗಳ ಹಾಗೆ ಎರಡೂ ಗುಳಿಯ ಕಡೆಗೆ ಹೊರಳಿ ಒಂದರ ಮೇಲೊಂದು ಕೂತವು.

"ಏನವ್ವಾ ಇದು, ಜಗಳಕ್ಕೆ ಬಿದ್ದಂಗೈತೆ?"

"ಡಾಕ್ಟರಮ್ಮ ಏಳಿದ್ದು ಇದನ್ನೇ ಮಗಾ. ಅಳತೆ ನಂದಲ್ಲ, ನಿಂದೂ ಅಲ್ಲ. ನಿನ್ನ ಮೂಳೇದು."

ಬಿಚ್ಚಿ, ಹೇಳಿದ ಅಳತೆಗೆ ಇಳಿಸಿ, ಬಾಯಿ ಹೊಲಿದು ಕೊಟ್ಟೆ. ಈ ಸಲ ಕೂತವು. ನಡುವೆ ಗುಳಿ ಇತ್ತು, ಅದರ ಎರಡು ಕಡೆ ತುಂಬಿದ ಎದೆಯೂ ಇತ್ತು. ಎಡಗಡೆ ಅರ್ಧ ಬೆರಳು ಕೆಳಗಿತ್ತು. ಅವಳು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ತೊಟ್ಟುಕೊಂಡೇ ಕೆಲಸಕ್ಕೆ ಹೋದಳು.

ಆರನೇ ದಿನ ಸಂತೆ. ನಾನೂ ಸೊಪ್ಪಿಗೆ ಹೋಗಿದ್ದೆ. ಕುರಿ ವ್ಯಾಪಾರದ ದಾಸಪ್ಪನ ಟಗರಿಗೆ ಅವಳು ಸೂಜಿ ಹಾಕುತ್ತಿದ್ದಳು. ಟಗರು ತಲೆ ಎತ್ತಿ ಗುಮ್ಮಿತು. ಎಡಗಡೆಯ ಚೀಲ ಒಡೆದು, ರವಿಕೆಯ ಅಂಚಿನಿಂದ ರಾಗಿ ಸುರಿಯತೊಡಗಿತು. ಸುತ್ತಲಿದ್ದ ಕುರಿಗಳೆಲ್ಲ ಅವಳ ಕಾಲ ಬಳಿ ಮುತ್ತಿಕೊಂಡವು.

ದಾಸಪ್ಪ, "ಏನ್ ಕಾಂಪೌಂಡರಮ್ಮ, ನಮ್ ಕುರಿಗೆ ಮಡಿಲಲ್ಲೇ ಮೇವು ತಂದವ್ರೆ" ಎಂದ.

ಅವಳು ಸೂಜಿಯನ್ನು ಪೂರ್ತಿ ಒತ್ತಿ, ಹೊರತೆಗೆದು, ಆಮೇಲೆ ತಲೆ ಎತ್ತಿದಳು. "ಊಂ ದಾಸಪ್ಪ. ನೀನು ಆಕದೇ ಇದ್ರೆ ಯಾರಾದ್ರೂ ಆಕ್ಬೇಕಲ್ಲ. ಎಲುಬು ಎಣಿಸ್ಬೋದು ನಿನ್ನ ಟಗರಲ್ಲಿ."

ಸಂತೆ ನಕ್ಕಿತು, ನಕ್ಕಿದ್ದು ದಾಸಪ್ಪನನ್ನು ನೋಡಿ. ಅವಳು ಸೆರಗು ಎಳೆದುಕೊಳ್ಳಲಿಲ್ಲ. ಒಂದು ಕಡೆ ತುಂಬಿ ಒಂದು ಕಡೆ ಬರಿದಾದ ಎದೆಯಲ್ಲೇ, ಉಳಿದಿದ್ದ ಹನ್ನೊಂದು ಕುರಿಗೂ ಸೂಜಿ ಹಾಕಿ ಮುಗಿಸಿದಳು.

ಸಂಜೆ ಬಂದು, ಇನ್ನೊಂದು ಚೀಲ ಹೊಲಿ ಎಂದಳು. ತಿಂಗಳು ಪೂರ್ತಿ ತೊಟ್ಟಳು.

ಮತ್ತೆ ಸೇಲಂಗೆ ಹೋದೆವು. ಏನು ಕಾಣುತ್ತೆ ಹೇಳು ಎಂದು ಡಾಕ್ಟರಮ್ಮ ಕೇಳಿದರು. ಗುಳಿ ಕಾಣುತ್ತೆ, ಎಡಗಡೆ ಅರ್ಧ ಬೆರಳು ಇಳಿದಿರುತ್ತೆ, ಎರಡೂ ಸ್ವಲ್ಪ ಒಳಮುಖ ನೋಡುತ್ತವೆ, ಅಷ್ಟಿದ್ದರೂ ನನಗೆ ಬೇಕು ಎಂದಳು. ನಾನು ಕೈಚೀಲದಿಂದ ಒಣಮುದ್ದೆ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಎಕ್ಸ್‌ರೇ ಪಕ್ಕ ಹಿಡಿದು, ಇದು ನನ್ನ ಹತ್ತಿರ ಎರಡು ದಿನ ಇರಲಿ ಎಂದು ಕೇಳಿ ಇಟ್ಟುಕೊಂಡರು, ಆಪರೇಷನ್ನಿಗೆ ದಿನವನ್ನೂ ಕೊಟ್ಟರು. ಅವತ್ತು ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಎರಡೆರಡು ಲೋಟ ಕಬ್ಬಿನಹಾಲು ಕುಡಿದೆವು.

ಆಪರೇಷನ್ ಚೆನ್ನಾಗಿ ಆಯಿತು. ಮೂರು ತಿಂಗಳ ಮೇಲೆ ಹೊಸ ಅಳತೆಗೆ ಬಂದಳು. ಎದೆಯ ಗಂಟು ಹಳೆಯದಕ್ಕಿಂತ ಮೂರು ಬೆರಳು ಮುಂದೆ ಬಿತ್ತು. ಡಾಕ್ಟರಮ್ಮ ವಾಪಸ್ ಕೊಟ್ಟಿದ್ದ ಹಳೇ ಮುದ್ದೆಯನ್ನು ಗುಳಿಗೆ ಹಿಡಿದು ನೋಡಿದೆ. ಅಂಚು ಎರಡೂ ಕಡೆ ತಾಕಿತು, ಆದರೆ ತಳ ಮೊದಲಿನಂತೆಯೇ ಕೂತಿತು.

"ಡಾಕ್ಟರಮ್ಮ ಸುಳ್ಳು ಏಳ್ಲಿಲ್ಲ ನೋಡವ್ವಾ" ಎಂದು ನಕ್ಕಳು. ಎಡಗಡೆ ಅರ್ಧ ಬೆರಳು ಇಳಿದದ್ದನ್ನು ಅವಳೇ ಮುಟ್ಟಿ ತೋರಿಸಿದಳು.

ಆಗಲೇ ಅವಳಿಗೆ ತನ್ನ ಊರು ಕಾರಿಮಂಗಲಂಗೆ ವರ್ಗ ಆಗಿತ್ತು. ಪೆಟ್ಟಿಗೆ ಜಗುಲಿಯ ಮೇಲಿತ್ತು, ಬಸ್ಸಿಗೆ ಅರ್ಧ ಗಂಟೆ. ಬಟ್ಟೆ ನನ್ನ ಹತ್ತಿರ ಬಿಟ್ಟು ಹೋಗುವವಳಿದ್ದಳು. ಕೊರಳು ಎಷ್ಟು ಇಳಿಸಲಿ ಎಂದು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ತೋರಿಸಿದೆ, ಗುಳಿ ಶುರುವಾಗುವುದಕ್ಕಿಂತ ಒಂದು ಬೆರಳು ಮೇಲೆ. ಅವಳು ಬಗ್ಗಿ ನೋಡಿದಳು.

"ಇನ್ನೆರಡು ಬೆರಳು ಇಳಿಸಿದ್ರೆ ಗುಳಿ ಕಾಣ್ತದಾ ಅವ್ವಾ?"

"ಕಾಣ್ತದೆ."

ಸೀಮೆಸುಣ್ಣವನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡು ಬೆರಳು ಕೆಳಗೆ ಇನ್ನೊಂದು ಗೆರೆ ಎಳೆದಳು.

"ಅಂಗಾದ್ರೆ ಇಳಿಸ್ತೀಯಾ?"