ಒಂದು ದೀರ್ಘದ ತಿದ್ದುಪಡಿ

ಕಳೆದ ಭಾನುವಾರ ಸಂಜೆ ಡೊಂಬಿವ್ಲಿಯ ಒಂದು ಸಭಾಂಗಣದಲ್ಲಿ, ತುಂಬಿದ ಸಭೆಯ ಎದುರು, ಜನಪ್ರಿಯ ಹಾಡೊಂದರ ದೀರ್ಘಾಕ್ಷರವನ್ನು ಹ್ರಸ್ವ ಮಾಡಲಾಯಿತು. ಆ ದೀರ್ಘ ಊರೆಲ್ಲ ಹರಡಿದ್ದರಲ್ಲಿ ನನ್ನ ಪಾಲೂ ಇರುವುದರಿಂದ ವರದಿಯನ್ನು ನಾನೇ ಬರೆಯುವುದು ನ್ಯಾಯ.

ಅದಕ್ಕೆ ಎರಡು ದಿನ ಮೊದಲು ಸುಧಾಕರ ನನ್ನ ಹಳೆಯ ವರದಿಯೊಂದರ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ಹಳದಿಗಟ್ಟಿದ ಪತ್ರಿಕೆಯ ತುಂಡು, ಮೂಲೆಯಲ್ಲಿ ಎಣ್ಣೆಯ ಕಲೆ. ಕೆಳಗೆ ಒಂದು ಸಾಲು: “ಇದರಲ್ಲಿ ಒಂದು ತಪ್ಪುಂಟು ಮಾರಾಯ. ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತು.”

ಸುಧಾಕರ ಯಾರೆಂದು ಠಾಣೆಯಿಂದ ಕಲ್ಯಾಣದವರೆಗಿನ ಊರುಗಳವರಿಗೆ ಹೇಳಬೇಕಾಗಿಲ್ಲ, ದೂರದ ನಿಮಗಾಗಿ ಹೇಳುತ್ತೇನೆ. ಪಿಯಾನೊ ನುಡಿಸುತ್ತಾನೆ, ಹಾಡು ಕಟ್ಟುತ್ತಾನೆ, ಬೇರೆಯವರ ಹಾಡಿಗೆ ಯಾವ ವಾದ್ಯ ಎಲ್ಲಿ ಬರಬೇಕೆಂದು ಗೊತ್ತುಮಾಡುತ್ತಾನೆ. ಮರಾಠಿ ನಾಟಕ, ಗಣಪತಿ ಮಂಡಳ, ಕನ್ನಡ ಸಂಘ, ಎಲ್ಲರಿಗೂ ಬೇಕಾದವನು. ಅವನ ಪಿಯಾನೊ ಟೆಂಪೊದಲ್ಲಿ ಬಂದು ಟೆಂಪೊದಲ್ಲಿ ಹೋಗುವಂಥದ್ದು. ಆದರೂ ಅವನು ಅದರ ಮುಂದೆ ಕೂತರೆ ಊಟದ ಸಾಲು ಅರ್ಧಕ್ಕೆ ನಿಂತದ್ದನ್ನು ನಾನು ಕಂಡಿದ್ದೇನೆ. ಬಫೆಯಲ್ಲಿ ಗುಲಾಬ್ ಜಾಮೂನು ಇದ್ದಾಗ ಇದು ಸಣ್ಣ ಮಾತಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದೇ ಹಾಡು. “ನಮ್ಮ ಓಲೆ ಇನ್ನೂ ಬಿಸಿ, ಬಾ ಒಳಗೆ.” ಪ್ರತಿ ಮದುವೆಯಲ್ಲೂ ಕೇಳಿಬರುತ್ತಿತ್ತು. ಆ ‘ಓ’ ಎಳೆಯುವಾಗ ಅದರಡಿಯಲ್ಲಿ ಸುಧಾಕರನ ಬೆರಳು ಮೆಟ್ಟಿಲಿಳಿಯುವಂತೆ ಸರಸರನೆ ಇಳಿಯುತ್ತಿತ್ತು. ‘ಪ್ರೇಮಪತ್ರದ ಬಿಸಿ ಆರದ ಹಾಡು’ ಎಂದು ಶೀರ್ಷಿಕೆ ಕೊಟ್ಟವನು ನಾನು. ಕಾಗದ ಹೇಗೆ ಬಿಸಿಯಾದೀತು ಎಂದು ಯಾರೂ ಕೇಳಲಿಲ್ಲ. ಪತ್ರಿಕೆಯ ಕಿರಿಯರನ್ನು ಒಂದೊಂದು ದೀರ್ಘಕ್ಕೂ ಬೈಯುತ್ತಿದ್ದ ನಾನೂ ಕೇಳಲಿಲ್ಲ. ಹಾಡನ್ನು ಕಿವಿಯಿಂದ ಕೇಳಿದ್ದೆ. ಬರೆದವನನ್ನು ಬಾಯಿಂದ ಕೇಳಿರಲಿಲ್ಲ.

ಫೋಟೊ ನೋಡಿ ಫೋನು ಮಾಡಿದೆ.

“ನಾನು ಬರೆದದ್ದು ಒಲೆ. ಅಪ್ಪನ ಹೋಟೆಲಿನ ಒಲೆ” ಎಂದ.

ಹಾಡಿದವಳು ಪ್ರಾಜಕ್ತಾ. ವಿಠ್ಠಲವಾಡಿಯಲ್ಲಿ ಬೆಳೆದವಳು, ತಂದೆ-ತಾಯಿ ಕಲಬುರಗಿಯವರು. ಕನ್ನಡ ತಿಳಿಯುತ್ತದೆ, ಓದಲು ಬಾರದು. ಅದಕ್ಕೇ ಸುಧಾಕರ ಹಾಡನ್ನು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟಿದ್ದ. ಆ ಲಿಪಿಯಲ್ಲಿ ಹ್ರಸ್ವ ‘ಒ’ ಇಲ್ಲ. ಇರುವುದು ಒಂದೇ ‘ಓ’. ಧ್ವನಿಮುದ್ರಣದ ದಿನ ಕಂಡದ್ದನ್ನು ಅವಳು ಕಂಡಂತೆ ಎಳೆದಳು. ಸುಧಾಕರ ಅರ್ಧದಲ್ಲಿ ಕೈಯೆತ್ತಿದರೆ ಜಗಳಕ್ಕೇ ಬಂದಳಂತೆ: “ಸರ್, ಆಪ್‌ನೇ ಹೀ ತೋ ಓ ಲಿಖಾ ಹೈ!” ‘ಓ’ ಬರೆದವರು ನೀವೇ ಅಲ್ಲವೇ ಎಂದು. ಅಷ್ಟರಲ್ಲಿ ಸ್ಟುಡಿಯೋದವರು ಚಪ್ಪಾಳೆ ತಟ್ಟುತ್ತಿದ್ದರು. ಎಳೆದ ಜಾಗಕ್ಕೆ ಅವನು ಪಿಯಾನೊ ತುಂಬಿದ.

ಆ ಜಾಗದಲ್ಲಿ ಮೊದಲು ಇದ್ದದ್ದೇನು ಎಂದು ಕೇಳಿದೆ.

“ಟಣ್.”

ಅವನ ತಂದೆ ವಾಸುದೇವ ರಾಯರು ದೋಸೆ ಸಿದ್ಧವಾದಾಗ ವೇಟರನ್ನು ಕೂಗುತ್ತಿರಲಿಲ್ಲ. ಸಟ್ಟುಗದಿಂದ ಕಾವಲಿಯ ಅಂಚಿಗೆ ಒಮ್ಮೆ ಬಡಿಯುತ್ತಿದ್ದರು. ಒ-ಲೆ-ಟಣ್, ಪೆಟ್ಟಿಗೂ ಒಂದೇ ಮಾತ್ರೆ ಹಿಡಿದು ಒಟ್ಟು ಮೂರು. ಓ ಎಂದು ಎಳೆದರೂ ಓಲೆ ಮೂರೇ ಮಾತ್ರೆ. ತಾಳ ಎಲ್ಲೂ ತಪ್ಪಲಿಲ್ಲ, ಅಪ್ಪ ಮಾತ್ರ ಹಾಡಿನಿಂದ ಹೊರಗುಳಿದರು.

ರಾಯರಿಗೆ ಇದು ಗೊತ್ತಿರಲಿಲ್ಲ. “ನಮ್ಮ ಮನೆಗೆ ಓಲೆ ಬಂದದ್ದು ಯಾವಾಗ? ಬರುವುದೆಲ್ಲ ಮದುವೆ ಕಾಗದ. ಊರಿಗೆಲ್ಲ ಹಾಡು ಕಟ್ಟಿದೆ, ಮನೆಯದ್ದು ಒಂದಾದರೂ ಉಂಟಾ?” ಎಂದು ಆಗಾಗ ಮಗನನ್ನು ಚುಚ್ಚುತ್ತಿದ್ದರು. ಬಾಯಲ್ಲಿ ಹೇಳಿದರೆ ನೆಪವೆನಿಸುತ್ತದೆ, ಕೇಳಿಸಿಯೇ ತೋರಿಸಬೇಕು ಎಂದು ಸುಧಾಕರನ ಹಟ. ಕಾರ್ಯಕ್ರಮಗಳೆಲ್ಲ ಸಂಜೆ, ಸಂಜೆ ಹೋಟೆಲಿನ ರಶ್ಶು. ರಾಯರು ಒಂದಕ್ಕೂ ಬಂದವರಲ್ಲ. ಈಗ ಕಟ್ಟಡ, ಹಳೆಯದನ್ನು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್‌ಗೆ ಹೋಗಿ ಹೋಟೆಲು ಮುಚ್ಚಿದೆ. ಅವರಿಗೆ ಮೊದಲ ಸಲ ಸಂಜೆ ಬಿಡುವಾಗಿತ್ತು.

ಭಾನುವಾರ ರಾಯರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಪ್ರಾಜಕ್ತಾ “ನಮ್ಮ ಒಲೆ” ಎಂದು ಚಿಕ್ಕದಾಗಿ ಹಾಡಿ ನಿಲ್ಲಿಸಿದಳು. ಸಭೆ ಮಾತ್ರ ಅಭ್ಯಾಸಬಲದಿಂದ “ಓಓಲೆ” ಎಂದು ಎಳೆಯಿತು. ಸುಧಾಕರ ಪಿಯಾನೊದಿಂದ ಕೈ ತೆಗೆದ.

“ನೀವು ಹಾಡಿದ್ದು ಚೆಂದವೇ. ನಾನು ಬರೆದದ್ದು ಬೇರೆ. ಇದು ನಮ್ಮಪ್ಪನ ದೋಸೆ ಒಲೆ” ಎಂದು ‘ಟಣ್’ನ ಜಾಗಕ್ಕೆ ಪಿಯಾನೊದ ತುದಿಯ ಕೀ ಒಂದನ್ನು ಒತ್ತಿ ತೋರಿಸಿದ.

ರಾಯರು ಕೈ ಬಿಚ್ಚಿದರು. ಆಮೇಲೆ ಸಭೆಗೆಲ್ಲ ಕೇಳುವಂತೆ, “ಅದು ಟಣ್ಣಾ? ಅದು ಸೈಕಲ್ ಬೆಲ್ಲು! ಕಬ್ಬಿಣ ಎಲ್ಲುಂಟು?”

ಸಭೆ ನಕ್ಕಿತು. ಕ್ಯಾಂಟೀನಿನಿಂದ ಕಾವಲಿಯೂ ಸಟ್ಟುಗವೂ ಬಂದವು. ರಾಯರು ಪಂಚೆ ಸರಿಮಾಡಿಕೊಂಡು ವೇದಿಕೆ ಹತ್ತಿದರು. ಮೊದಲ ಸಲ ಪೆಟ್ಟು ತಡವಾಯಿತು.

“ಲೇಟಾಯಿತು ಅಪ್ಪಾ.”

“ಲೇಟಲ್ಲ. ದೋಸೆ ಬೇಯಬೇಡವಾ?”

ಎರಡನೆಯದು ಸರಿಯಾಗಿ ಬಿತ್ತು. ಮೂರನೆಯದಕ್ಕೆ ಸಭೆಯೇ “ಒಲೆ” ಎಂದು ಚಿಕ್ಕದಾಗಿ ಹಾಡಿ, ಬಾಯಿ ಮುಚ್ಚಿ, ಅವರಿಗೆ ಜಾಗ ಬಿಟ್ಟಿತು. ಹಾಡು ನಾಲ್ಕು ಸಲ ಆಯಿತು. ನಾಲ್ಕೂ ಸಲ ನಾನು ನಿಂತೇ ಇದ್ದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ‘ಟಣ್’ ಎಂಬ ಒಂದೇ ಶಬ್ದ.

ಮಂಗಳವಾರ ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟವಾಯಿತು. ನಿನ್ನೆ ಸೀವುಡ್ಸ್‌ನಲ್ಲಿ ನಡೆಯುವ ಮುಂದಿನ ಕಾರ್ಯಕ್ರಮದ ಕರಪತ್ರ ಬಂತು. ಅದರಲ್ಲಿರುವುದು: ಹಾಡು, ಒಲೆ. ಗಾಯನ, ಪ್ರಾಜಕ್ತಾ. ಪಿಯಾನೊ, ಸುಧಾಕರ. ಸಟ್ಟುಗ, ವಾಸುದೇವ ರಾಯರು.